ಕೂಡಿ ಹೂಡುವ ದಾವೆಗೆ ಬಾಗಿಲು ಯಾವುದು?

ಸಯನ್ ಭಾಗದ ಹೋಟೆಲು ಕೆಲಸಗಾರರಿಂದಲೂ ಕಾರಕೂನರಿಂದಲೂ ನಮಗೆ ಬರುವ ಪತ್ರಗಳಲ್ಲಿ ಒಂದು ಬಗೆಯವು ಮತ್ತೆ ಮತ್ತೆ ಬರುತ್ತಿರುತ್ತವೆ. ದುರಸ್ತಿಯ ನೆಪದಿಂದ ಹೋಟೆಲು ಮುಚ್ಚಿತು, ಮೂರು ತಿಂಗಳ ಪಗಾರ ನಿಂತಿತು, ಹತ್ತು ಹನ್ನೊಂದು ಜನ ವರ್ಗಣಿ ಕೂಡಿಸಿ ವಕೀಲರನ್ನು ಹಿಡಿದರು, ದಾವೆ ದಾಖಲಾಯಿತು, ತಾರೀಖಿನ ಮೇಲೆ ತಾರೀಖು ಬಿದ್ದು ವರ್ಷ ಕಳೆದ ಮೇಲೆ, ಈ ತಕರಾರನ್ನು ಕೇಳುವ ಅಧಿಕಾರ ಈ ಕೋರ್ಟಿಗಿಲ್ಲವೆಂಬ ಹುಕುಂ ಬಂತು. ಬರೆದವರ ಪ್ರಶ್ನೆ ಒಂದೇ: ನಾವು ಒಗ್ಗಟ್ಟಿನಿಂದಲೇ ಹೋಗಿದ್ದೆವಲ್ಲ, ಆದರೂ ಸೋತದ್ದೇಕೆ?

ಪ್ರಶ್ನೆ ನ್ಯಾಯವಾದದ್ದು. ಒಗ್ಗಟ್ಟಿನ ಮಹಿಮೆಯನ್ನು ಸಭೆಗಳಲ್ಲಿ ಹಾಡಿ ಹೊಗಳುವ ನಾವು, ಕೋರ್ಟಿನ ಮೆಟ್ಟಿಲ ಮೇಲೆ ಒಗ್ಗಟ್ಟೊಂದೇ ಸಾಲದೆಂಬ ಮಾತನ್ನು ಯಾರಿಗೂ ಹೇಳಿಕೊಟ್ಟಿಲ್ಲ. ಬರಬೇಕಾದವರೆಲ್ಲರೂ ಬಂದಿರುವರೇ ಎಂದೂ, ಬಂದ ಬಾಗಿಲು ಸರಿಯಾದುದೇ ಎಂದೂ ಕಾನೂನು ಕೇಳುತ್ತದೆ. ಅನ್ಯಾಯ ನಡೆದುದು ನಿಜವೋ ಸುಳ್ಳೋ ಎಂಬುದು ಅದರ ಅನಂತರದ ಮಾತು.

ಸಯನ್ನಿಗೆ ಅಂಟಿಕೊಂಡಿರುವ ಕುರ್ಲೆಯಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. ಮುಂಬಯಿಯ ಟ್ಯಾಕ್ಸಿಯೆಂದೊಡನೆ ಕಣ್ಣಿಗೆ ಕಟ್ಟುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಕಂಪನಿ, ಪ್ರೀಮಿಯರ್ ಆಟೋಮೊಬೈಲ್ಸಿನ ಕಾರಖಾನೆ ಅಲ್ಲಿತ್ತು. ಪ್ರೋತ್ಸಾಹ ಧನದ ಬಗ್ಗೆ ಕಂಪನಿಯು ಒಂದು ಯೂನಿಯನ್ನಿನೊಡನೆ 1971ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಆ ಯೂನಿಯನ್ನಿಗೆ ಸೇರದ ಕಾಮಗಾರರಿಗೆ ಅದು ಸಮ್ಮತವಾಗಲಿಲ್ಲ. ಅವರ ಪೈಕಿ ಇಬ್ಬರು ತಮ್ಮ ಪರವಾಗಿಯೂ ತಮ್ಮಂಥ ಇತರರ ಪರವಾಗಿಯೂ ಮುಂಬಯಿ ಸಿಟಿ ಸಿವಿಲ್ ಕೋರ್ಟಿನಲ್ಲಿ ಪ್ರಾತಿನಿಧಿಕ ದಾವೆ ಹೂಡಿದರು. ಎಲ್ಲರ ಪರವಾಗಿ ಇಬ್ಬರು ನಿಲ್ಲುವ ಕ್ರಮ ಕಾನೂನಿನದೇ, ಅದರಲ್ಲಿ ತಪ್ಪಿರಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಹೈಕೋರ್ಟಿನಲ್ಲಿಯೂ ಗೆದ್ದರು. 1975ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ಗೆಲುವನ್ನೆಲ್ಲ ತೊಡೆದುಹಾಕಿತು. ಔದ್ಯೋಗಿಕ ವಿವಾದ ಕಾಯಿದೆಯಿಂದಲೇ ಹುಟ್ಟಿದ ಹಕ್ಕಿಗೆ ಪರಿಹಾರವನ್ನೂ ಆ ಕಾಯಿದೆ ತೋರಿಸಿದ ದಾರಿಯಲ್ಲಿಯೇ ಪಡೆಯಬೇಕು, ಸಿವಿಲ್ ಕೋರ್ಟಿಗೆ ಅಲ್ಲಿ ಕೈಯಿಡುವ ಅಧಿಕಾರವಿಲ್ಲ ಎಂದಿತು. ಸಾಮಾನ್ಯ ಕಾನೂನಿನಿಂದ ಬಂದ ಹಕ್ಕಾಗಿದ್ದರೆ ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದೆಂದೂ ಹೇಳಿತು. ಎರಡು ಕೋರ್ಟುಗಳ ನ್ಯಾಯಾಧೀಶರಿಗೇ ಸ್ಪಷ್ಟವಾಗದಿದ್ದ ಈ ಭೇದವನ್ನು ಮೋರಿಯ ಮುಂದೆ ಪಾತ್ರೆ ತೊಳೆಯುವ ಹುಡುಗನು ತಿಳಿದಿರಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯವೋ ನಮಗೆ ತಿಳಿಯದು.

ಬಾಗಿಲು ತಪ್ಪಿ ನಿಂತವರು ಕುರ್ಲೆಯವರಷ್ಟೇ ಅಲ್ಲ. 1984ರ ಭೋಪಾಲದ ವಿಷಾನಿಲ ದುರಂತದ ಸಂತ್ರಸ್ತರ ಪರವಾಗಿ ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ನೂರಕ್ಕೂ ಹೆಚ್ಚು ದಾವೆಗಳು ದಾಖಲಾದವು. ಅವೆಲ್ಲ ನ್ಯೂಯಾರ್ಕಿನ ಒಬ್ಬ ನ್ಯಾಯಾಧೀಶರ ಮುಂದೆ ಒಟ್ಟುಗೂಡಿದವು. 1986ರ ಮೇ ತಿಂಗಳಲ್ಲಿ ಆ ನ್ಯಾಯಾಧೀಶರು, ಇದರ ವಿಚಾರಣೆಗೆ ತಕ್ಕ ಸ್ಥಳ ಭಾರತವೆಂದು ಹೇಳಿ ಅವನ್ನು ತಳ್ಳಿಹಾಕಿದರು.

ಇನ್ನು ಬರಬೇಕಾದವರು ಬಾರದೆ ಕೆಟ್ಟ ಮೊಕದ್ದಮೆಯ ಮಾತು. ಹಿಂದಿನ ಮೈಸೂರು ಸಂಸ್ಥಾನದ 1933ರ ಸ್ತ್ರೀ ಹಕ್ಕುಗಳ ಕಾಯಿದೆಯ ಮೇರೆಗೆ ಒಬ್ಬ ಹೆಣ್ಣುಮಗಳು ತಾಯಿಯ ಆಸ್ತಿಗಾಗಿ ದಾವೆ ಹೂಡಿದಳು. ಅದು 1963ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆಸ್ತಿ ತಾಯಿಯದೇ ಎಂದು ಕೋರ್ಟು ಒಪ್ಪಿತು. ಆದರೆ ಅವಳ ಇಬ್ಬರು ಸಹೋದರರೂ ವಾರಸುದಾರರು, ಅವರನ್ನು ದಾವೆಗೆ ಸೇರಿಸಿಲ್ಲ ಎಂಬ ಒಂದೇ ಕಾರಣದಿಂದ ದಾವೆ ಬಿದ್ದುಹೋಯಿತು. ನ್ಯಾಯಮೂರ್ತಿಗಳೇ ಇದಕ್ಕಾಗಿ ವಿಷಾದಪಟ್ಟರು. ಪ್ರತಿವಾದಿಗಳು ಈ ಆಕ್ಷೇಪವನ್ನು ಮೊದಲೇ ಎತ್ತಿದ್ದರೂ ಅವಳು ತಿದ್ದಿಕೊಂಡಿರಲಿಲ್ಲ. ಬೇಡದವರನ್ನು ಸೇರಿಸಿದ ಮಾತ್ರಕ್ಕೆ ದಾವೆ ಕೆಡುವುದಿಲ್ಲ. ಅವಶ್ಯವಾಗಿ ಬೇಕಾದವರನ್ನು ಬಿಟ್ಟರೆ ಕೆಡುತ್ತದೆ. ಬಿಟ್ಟುಹೋದವರನ್ನು ನಡುವೆ ಸೇರಿಸಿಕೊಳ್ಳಲು ಕೋರ್ಟಿಗೆ ಅಧಿಕಾರವಿದೆ, ಕೇಳಿಕೊಳ್ಳಬೇಕು, ಅಷ್ಟೇ.

ಈ ಮಾತು ನಮ್ಮವರಿಗೆ ಹತ್ತಿರದ್ದು. ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಮನೆಯ ಪಾಲಿನ ದಾವೆ ನಡೆಯುತ್ತದೆ. ಸಯನ್ನಿನಲ್ಲಿರುವ ತಮ್ಮನಿಗೆ ಗೊತ್ತೇ ಇರುವುದಿಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬರೆಯುವ ರೂಢಿಯೇ ಕೆಲವರಲ್ಲಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನ ಸಮಾನ ಹಕ್ಕುಂಟೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಅವರನ್ನು ಬಿಟ್ಟು ಪಡೆದ ಡಿಕ್ರಿ ಇಂದಲ್ಲ ನಾಳೆ ಮುರಿಯುವ ಡಿಕ್ರಿ. ಭೂಮಿಯ ದಾವೆ ಭೂಮಿಯಿರುವ ಊರಿನ ಕೋರ್ಟಿನಲ್ಲಿಯೇ ನಡೆಯಬೇಕೆಂಬುದನ್ನೂ ಮರೆಯಬಾರದು. ಒಂದೇ ದಾವೆಯ ಆಸ್ತಿಯಲ್ಲಿ ಸ್ವಲ್ಪ ಊರಿನಲ್ಲಿ, ಸ್ವಲ್ಪ ಮುಂಬಯಿಯಲ್ಲಿ ಇದ್ದರೆ ಮಾತ್ರ ಎರಡರಲ್ಲಿ ಯಾವ ಕಡೆಯಾದರೂ ಹೂಡಬಹುದು.

ಅನೇಕರ ಪರವಾಗಿ ಒಬ್ಬಿಬ್ಬರು ನಡೆಸುವ ಪ್ರಾತಿನಿಧಿಕ ದಾವೆಯ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೊದಲನೆಯ ಆದೇಶದ ಎಂಟನೆಯ ನಿಯಮ. ಎಲ್ಲರ ಹಿತಾಸಕ್ತಿ ಒಂದೇ ಆಗಿರಬೇಕು; ಕೋರ್ಟಿನ ಅಪ್ಪಣೆ ಬೇಕು; ಸಂಬಂಧಪಟ್ಟವರಿಗೆಲ್ಲ ನೋಟೀಸು ಮುಟ್ಟಬೇಕು. ಹಿತ ಒಂದೇ ಎಂದರೆ ಮೊತ್ತವೂ ಒಂದೇ ಆಗಿರಬೇಕೆಂದಲ್ಲ. ಮದರಾಸಿನ ಅಶೋಕನಗರದ ಮನೆಗಳಿಗೆ ಅಲ್ಲಿಯ ಗೃಹಮಂಡಲಿ ಹೆಚ್ಚಿನ ಹಣ ಕೇಳಿದಾಗ ಒಬ್ಬ ನಿವಾಸಿ ಎಲ್ಲರ ಪರವಾಗಿ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು 1990ರಲ್ಲಿ ಎತ್ತಿಹಿಡಿಯಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಬೇಡಿಕೆ ಹೋಗಿತ್ತೆಂಬುದು ಅಡ್ಡಿಯಾಗಲಿಲ್ಲ. ಆದರೆ ಬೆಂಗಳೂರಿನ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಗಾಳಿ ಬೇರೆ ಕಡೆಯಿಂದ ಬೀಸಿತು. ಸುಮಾರು 1134 ಮನೆಗಳ ಸಮುಚ್ಚಯದಲ್ಲಿ 51 ಮನೆಗಳನ್ನು ಕೊಂಡ 91 ಮಂದಿ, ಸ್ವಾಧೀನ ತಡವಾಯಿತೆಂದು ಎಲ್ಲರ ಪರವಾಗಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ತಡವಾದ ಕಾಲ ಎಲ್ಲ ಬ್ಲಾಕುಗಳಿಗೂ ಒಂದೇ ಆಗಿರಲಿಲ್ಲ. ಉಳಿದವರ ಹಿತವೂ ತಮ್ಮದೂ ಒಂದೇ ಎಂಬುದನ್ನು ದೂರಿನಲ್ಲಿ ಸರಿಯಾಗಿ ವಿವರಿಸಿಯೂ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಎಲ್ಲರ ಪ್ರತಿನಿಧಿಗಳೆಂದು ಇವರನ್ನು ಒಪ್ಪಲಾಗದು, ಸಹಿ ಮಾಡಿ ಬಂದವರ ಜಂಟಿ ದೂರೆಂದು ನಡೆಯಲಿ ಎಂದಿತು. ಪೂರ್ತಿ ಸೋಲಲ್ಲವೆಂಬುದು ಸಮಾಧಾನ. ದೂರು ಬರೆಯುವವನ ಕೈಯಲ್ಲಿ ಎಷ್ಟು ಜನರ ಹಣೆಬರಹವಿದೆಯೆಂಬುದು ಇಲ್ಲಿ ಕಾಣುತ್ತದೆ.

ಸಯನ್ ಎಂಬ ಹೆಸರೇ ಸೀಮೆಯೆಂಬುದರಿಂದ ಬಂದುದೆಂದು ಹೇಳುತ್ತಾರೆ. ಮರಾಠಿಯಲ್ಲಿ ಇದು ಇಂದಿಗೂ ಶೀವ್. ಒಂದು ಕಾಲಕ್ಕೆ ಇಂಗ್ಲಿಷರ ಪರಳ ದ್ವೀಪಕ್ಕೂ ಪೋರ್ತುಗೀಜರ ಸಾಷ್ಟಿಗೂ ನಡುವಿನ ಗಡಿಯಾಗಿದ್ದ ಈ ಊರಿನ ಕಾಮಗಾರನಿಗೆ ಇಂದಿನ ಕೋರ್ಟುಗಳ ಸೀಮೆಗಳೂ ಅಷ್ಟೇ ತೊಡಕಾಗಿವೆ. ಬಾಡಿಗೆಯ ವಸೂಲಿಗೂ ಕೋಣೆಯ ಸ್ವಾಧೀನಕ್ಕೂ ಸಂಬಂಧಿಸಿದ ಮಾಲೀಕ-ಬಾಡಿಗೆದಾರರ ವ್ಯಾಜ್ಯ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗಬೇಕು. ಪಗಡಿಯ ಕೋಣೆಯವರು ಇದನ್ನು ನೆನಪಿಡಬೇಕು. ಬೇರೆ ಸಿವಿಲ್ ದಾವೆಗಳಲ್ಲಿ 2024ರ ಜನವರಿಯಿಂದ 10 ಕೋಟಿ ರೂಪಾಯಿಯವರೆಗಿನವು ಸಿಟಿ ಸಿವಿಲ್ ಕೋರ್ಟಿನವು. ಊರಿನಲ್ಲಿ ಫ್ಲಾಟಿಗೆ ಹಣ ಕಟ್ಟಿ ಮೋಸಹೋದವನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಅಥವಾ ದುಡಿಯುವ ಜಾಗದ ಆಯೋಗದಲ್ಲಿಯೇ ದೂರು ಕೊಡಬಹುದು. ಇದಕ್ಕಾಗಿ ರಜೆ ಹಾಕಿ ಮಂಗಳೂರಿನ ಬಸ್ಸು ಹತ್ತಬೇಕಾಗಿಲ್ಲವೆಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ.

ಪಗಾರದ ಪ್ರಶ್ನೆಗೆ ಮರಳೋಣ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಹಳೆಯ ಔದ್ಯೋಗಿಕ ವಿವಾದ ಕಾಯಿದೆಯೂ ವೇತನ ಪಾವತಿ ಕಾಯಿದೆಯೂ ಅವುಗಳಲ್ಲಿ ಲೀನವಾಗಿವೆ. ವೇತನ ಸಂಹಿತೆಯ ಮೇರೆಗೆ ಬಾಕಿ ಪಗಾರದ ಅರ್ಜಿಯನ್ನು ಅದಕ್ಕಾಗಿ ನೇಮಕವಾದ ಅಧಿಕಾರಿಯ ಮುಂದೆ ಮೂರು ವರ್ಷಗಳೊಳಗೆ ಕೊಡಬೇಕು. ಒಂದು ಹೋಟೆಲಿನಲ್ಲಿ ದುಡಿದ ಎಷ್ಟೇ ಜನರ ಪರವಾಗಿ ಒಂದೇ ಅರ್ಜಿ ಸಾಕು, ಯೂನಿಯನ್ನೂ ಕೊಡಬಹುದು. ಮೇಲೆ ಹೇಳಿದ ಹನ್ನೊಂದು ಮಂದಿ ಮೊದಲು ತಟ್ಟಬೇಕಾದ ಬಾಗಿಲು ಅದು. ವಕೀಲರ ಫೀಗೆ ಹೆದರುವವರೂ ಒಂದು ಮಾತು ತಿಳಿದಿರಲಿ: ಕೈಗಾರಿಕಾ ಕಾಮಗಾರರಿಗೂ ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ನೆರವು ಪಡೆಯುವ ಹಕ್ಕನ್ನು 1987ರ ಕಾಯಿದೆ ಕೊಟ್ಟಿದೆ.

ನಮ್ಮ ಸಂಘಗಳಿಗೆ ಒಂದು ಮಾತು ಹೇಳದಿರಲಾರೆವು. ಹಾರ ತುರಾಯಿಗಳಿಗೆ ಆಗುವ ಖರ್ಚಿನ ಹತ್ತನೆಯ ಒಂದು ಪಾಲಿನಲ್ಲಿ ಭಾನುವಾರ ಮಧ್ಯಾಹ್ನ, ಹೋಟೆಲಿನವರಿಗೆ ಕೈ ಬಿಡುವಾಗುವ ವೇಳೆಗೆ, ಒಬ್ಬ ಕನ್ನಡ ಬಲ್ಲ ವಕೀಲರನ್ನು ಕುಳ್ಳಿರಿಸಬಹುದು. ಹಿಂದಿನವರು ಇದೇ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದವರು.

ಕಡೆಯದಾಗಿ ನೋಟೀಸಿನ ವಿಷಯ. ಪ್ರಾತಿನಿಧಿಕ ದಾವೆಯ ತೀರ್ಪು, ಯಾರ ಪರವಾಗಿ ಅದು ನಡೆಯಿತೋ ಅವರೆಲ್ಲರನ್ನೂ ಬಂಧಿಸುತ್ತದೆ. ಕೋರ್ಟಿನ ಮುಖವನ್ನೇ ನೋಡದವನನ್ನೂ. ಅಮೆರಿಕದಲ್ಲಿ ನಷ್ಟಪರಿಹಾರದ ಸಾಮೂಹಿಕ ದಾವೆಯಿಂದ ತಾನು ಹೊರಗುಳಿಯುವೆನೆಂದು ಹೇಳುವ ಹಕ್ಕು ಒಬ್ಬೊಬ್ಬನಿಗೂ ಇದೆ. ಇಲ್ಲಿ ಇರುವುದು ತನ್ನನ್ನೂ ಪಕ್ಷಕಾರನನ್ನಾಗಿ ಸೇರಿಸಿಕೊಳ್ಳಿರೆಂದು ಕೇಳುವ ಹಕ್ಕು. ದಾವೆಯನ್ನು ರಾಜಿ ಮಾಡಿಕೊಳ್ಳುವ ಮುನ್ನವೂ ಎಲ್ಲರಿಗೂ ನೋಟೀಸು ಹೋಗಬೇಕು. ಜನ ಬಹಳವಾದಾಗ ಆ ನೋಟೀಸು ಪತ್ರಿಕೆಯ ಜಾಹೀರಾತಾಗಿ ಬರುತ್ತದೆ. ಅದು ಬರುವುದು ನಮ್ಮ ಕಾಮಗಾರರು ಓದದ ಭಾಷೆಯ ಪತ್ರಿಕೆಯಲ್ಲಿ. ಪಕ್ಷಕಾರರಲ್ಲಿ ಕನ್ನಡಿಗರು ಬಹಳವಾಗಿರುವ ದಾವೆಗಳಲ್ಲಿ ಕನ್ನಡದಲ್ಲಿಯೂ ಪ್ರಕಟಿಸುವಂತೆ ವಕೀಲರು ಕೋರ್ಟನ್ನು ಕೇಳಿಕೊಳ್ಳಬೇಕು. ಅಂಥ ನೋಟೀಸಿನ ಪ್ರತಿಯನ್ನು ಯಾರೇ ನಮ್ಮ ಕಚೇರಿಗೆ ತಂದುಕೊಟ್ಟರೂ, ಅದರ ಕನ್ನಡ ಸಾರವನ್ನು ತಾರೀಖು, ಕೋರ್ಟಿನ ಹೆಸರು, ದಾವೆಯ ನಂಬರುಗಳ ಸಮೇತ ಹಣ ತೆಗೆದುಕೊಳ್ಳದೆ ಇದೇ ಪುಟದಲ್ಲಿ ಅಚ್ಚು ಮಾಡುವೆವು.