ಕಾಣದವರ ದನಿ, ಕೂಡಿ ಕೂತವರ ಧೈರ್ಯ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮೂವತ್ತೈದು ಕಿಲೋಮೀಟರಿನಷ್ಟು ಹೋದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತನಾಲ್ಕು ವರ್ಷದ ಮಗ ಎರಡು ವರ್ಷದಿಂದ ಬಾಳೆತೋಟದ ಕಡೆ ಹೆಜ್ಜೆ ಹಾಕಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಮೂಲೆಯಲ್ಲಿ ಕೂರುತ್ತಾನೆ. ತಾಯಿ ರೊಟ್ಟಿ, ಪುಂಡಿಪಲ್ಯ ಹಾಕಿದ ತಾಟು ಮುಂದಿಟ್ಟರೆ ಅವನು ಕೇಳುತ್ತಾನೆ:

"ಯವ್ವಾ, ಯಾರೋ ಬೈಲಾಕತ್ಯಾರ. ನಿನಗ ಕೇಳಸವಲ್ದೇನು?"

"ಯಾರೂ ಇಲ್ಲೋ ಯಪ್ಪಾ, ಸುಮ್ನ ಉಣ್ಣು."

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಾಯಿಗೆ ಯಾರೂ ಕಾಣುವುದಿಲ್ಲ, ಮಗನಿಗೆ ದನಿ ಕೇಳದೇ ಇರುವುದಿಲ್ಲ. ಆದರೆ ಆ ಒಂದು ಉತ್ತರದಿಂದ ಮಗ ಇನ್ನಷ್ಟು ಒಂಟಿಯಾಗುತ್ತಾನೆ. ಇಂಥ ಮನೆ ನಿಮ್ಮ ಓಣಿಯಲ್ಲಿಯೂ ಇದ್ದೀತು.

ನಮ್ಮ ಭಾಗದಲ್ಲಿ ಇಂಥವರನ್ನು ಮೊದಲು ಕರೆದೊಯ್ಯುವುದು ಆಸ್ಪತ್ರೆಗಲ್ಲ. 'ಗಾಳಿ ಸೋಕ್ಯದ' ಎಂದು ಗಾಣಗಾಪುರಕ್ಕೋ, ಯಾವುದಾದರೂ ದರ್ಗಾಕ್ಕೋ ಹೋಗುತ್ತಾರೆ. ಗಾಣಗಾಪುರದಲ್ಲಿ ಆರತಿಯ ಹೊತ್ತಿಗೆ ಕೂಗಾಡುವವರನ್ನು, ಕಂಬ ಹಿಡಿದು ಏರುವವರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಂಬಿಕೆಯನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ದೇವರ ಸನ್ನಿಧಿಯಲ್ಲಿ ದುಃಖ ಹೇಳಿಕೊಂಡು ಬಂದ ತಾಯಿಗೆ ಸಮಾಧಾನ ಸಿಕ್ಕೀತು. ಆದರೆ ಹೀಗೆ ಅಲೆಯುವುದರಲ್ಲೇ ವರ್ಷಗಳು ಕಳೆದರೆ ಕಾಯಿಲೆ ಬೇರೂರುತ್ತದೆ. ದೇವರಿಗೂ ಹೋಗಿ, ಡಾಕ್ಟರಿಗೂ ತೋರಿಸಿ ಎನ್ನುವುದೇ ಸರಿಯಾದ ಮಾತು.

ಈ ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ 1908ರಲ್ಲಿ ಕೊಟ್ಟ ಹೆಸರು ಇದು. ಒಬ್ಬನಲ್ಲೇ ಇಬ್ಬರು ಇರುವುದು ಎಂದು ಸಿನಿಮಾಗಳು ತೋರಿಸುವುದು ಇದನ್ನಲ್ಲ. ಯೋಚನೆ, ಭಾವನೆ, ಇಂದ್ರಿಯಗಳ ಅನುಭವ, ಇವುಗಳ ನಡುವಿನ ಹೊಂದಿಕೆ ತಪ್ಪುವುದು ಇದರ ಲಕ್ಷಣ. ಇಲ್ಲದ ದನಿ ಕೇಳುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಬಲವಾದ ಸಂಶಯ, ಮಾತಿನಲ್ಲಿ ತಾಳ ತಪ್ಪುವುದು, ಸ್ನಾನ ಊಟಗಳ ಮೇಲೂ ಮನಸ್ಸಿಲ್ಲದಿರುವುದು ಮುಖ್ಯ ಚಿಹ್ನೆಗಳು. ಸಾಮಾನ್ಯವಾಗಿ ಹದಿಹರೆಯ ದಾಟುವ ಹೊತ್ತಿಗೆ, ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ವಂಶವಾಹಿಗಳ ಪಾಲಿದೆ, ಮೆದುಳಿನ ಡೋಪಮಿನ್ ಎಂಬ ರಾಸಾಯನಿಕದ ಏರುಪೇರಿದೆ. ತಾಯಿ ಸಾಕಿದ್ದು ಸರಿಯಿಲ್ಲ ಎಂಬುದಾಗಲಿ, ಹಿಂದಿನ ಜನ್ಮದ ಪಾಪ ಎಂಬುದಾಗಲಿ ಕಾರಣವಲ್ಲ.

1952ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಈ ಕಾಯಿಲೆಯ ಚಿಕಿತ್ಸೆ ಪೂರ್ತಿ ಬದಲಾಯಿತು. ಈಗ ಇನ್ನೂ ಹಲವು ಔಷಧಗಳಿವೆ. ಆದರೂ ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಚಿಕಿತ್ಸೆ ಸಿಕ್ಕವರ ಕಥೆಯೂ ಗುಳಿಗೆಯೊಂದಿಗೆ ಮುಗಿಯುವುದಿಲ್ಲ. ನಾವು ಕಲ್ಪಿಸಿಕೊಂಡ ಹುಡುಗ ಕಲಬುರಗಿಯ ಮನೋವೈದ್ಯರಲ್ಲಿಗೆ ಬಂದ, ಗುಳಿಗೆ ನುಂಗಿದ, ನಿದ್ದೆ ಬಂತು, ಸಂಶಯ ಇಳಿಯಿತು ಎನ್ನೋಣ. ದನಿ ಮಾತ್ರ ಮೆಲ್ಲಗಾಯಿತು, ಪೂರ್ತಿ ನಿಲ್ಲಲಿಲ್ಲ. ಹಲವರಲ್ಲಿ ಹೀಗೇ ಆಗುತ್ತದೆ. ಉಳಿದ ಆ ದನಿಯೊಂದಿಗೆ ಬದುಕುವುದು ಹೇಗೆ?

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಚಾಡ್ವಿಕ್ ಮತ್ತು ಅವರ ಜೊತೆಗಾರರು ಈ ಪ್ರಶ್ನೆಗೆ ಒಂದು ದಾರಿ ಹುಡುಕಿದರು. 2005ರಲ್ಲಿ ಅದರ ಮೊದಲ ವರದಿ ಪ್ರಕಟವಾಯಿತು. ಇಂಥ ಕಾಯಿಲೆಯವರು ಕೆಲವರು ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಸೇರುತ್ತಾರೆ. ತರಬೇತಿ ಪಡೆದ ಚಿಕಿತ್ಸಕರು ಜೊತೆಗಿರುತ್ತಾರೆ. ಹತ್ತೇ ನಿಮಿಷದ ಅಭ್ಯಾಸ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, ಉಸಿರು ಬಂದು ಹೋಗುವುದನ್ನು ಗಮನಿಸಿ, ದನಿ ಕೇಳಿದರೆ ಕೇಳಲಿ, ಅದರೊಡನೆ ಜಗಳಕ್ಕೆ ಇಳಿಯಬೇಡಿ, ಮತ್ತೆ ಉಸಿರಿಗೆ ಬನ್ನಿ. ಚಿಕಿತ್ಸಕರು ನಡುನಡುವೆ ಮಾತಾಡುತ್ತಲೇ ಇರುತ್ತಾರೆ, ದೀರ್ಘ ಮೌನಕ್ಕೆ ಬಿಡುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ತಮಗಾದದ್ದನ್ನು ಹೇಳಿಕೊಳ್ಳುತ್ತಾರೆ. ಅಷ್ಟೇ.

ಇದರಿಂದ ಏನಾಗುತ್ತದೆ? ಕಲಬುರಗಿಯ ಬಸ್ ನಿಲ್ದಾಣವನ್ನು ನೆನೆಯಿರಿ. ಆಳಂದ, ಜೇವರ್ಗಿ, ಸೇಡಂ, ಚಿಂಚೋಳಿ ಎಂದು ಧ್ವನಿವರ್ಧಕ ಒದರುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಹಾಗೆಂದು ಕೂಗಿದ ಬಸ್ಸುಗಳನ್ನೆಲ್ಲ ನಾವು ಹತ್ತುವುದೂ ಇಲ್ಲ. ನಮ್ಮ ಬಸ್ಸಿಗಾಗಿ ಕಾಯುತ್ತ ಕೂರುತ್ತೇವೆ. ಕಿವಿಯೊಳಗಿನ ದನಿಯನ್ನೂ ಹೀಗೆ ನೋಡಲು ಕಲಿಯುವುದೇ ಅಭ್ಯಾಸದ ತಿರುಳು. 'ನೀ ಕೆಲಸಕ್ಕ ಬಾರದಂವ' ಎಂದು ದನಿ ಹೇಳಿತು, ಅದು ದನಿ ಹೇಳಿದ್ದು, ನಾನು ಬೇರೆ. ಇಷ್ಟು ಅಂತರ ಸಿಕ್ಕರೆ ಮನುಷ್ಯ ತಾಟಿನ ರೊಟ್ಟಿ ಮುರಿಯಬಲ್ಲ.

ಗುಂಪಿನಿಂದ ಇನ್ನೊಂದು ಲಾಭವಿದೆ. ವೈದ್ಯರು ಎಷ್ಟೇ ಒಳ್ಳೆಯವರಿದ್ದರೂ ಅವರಿಗೆ ಆ ದನಿ ಕೇಳಿರುವುದಿಲ್ಲ. ಪಕ್ಕದಲ್ಲಿ ಕೂತವನೊಬ್ಬ "ನನಗೂ ಹಂಗ ಬೈತಾವ" ಎಂದಾಗ ವರ್ಷಗಟ್ಟಲೆ ಹೊತ್ತ ನಾಚಿಕೆ ಸ್ವಲ್ಪವಾದರೂ ಇಳಿಯುತ್ತದೆ. ಈ ಮಾತು ಗುಳಿಗೆಯಲ್ಲಿ ಸಿಗುವುದಿಲ್ಲ.

ಇದು ಪವಾಡ ಎಂದೇನೂ ತಿಳಿಯಬೇಡಿ. ಚಾಡ್ವಿಕ್ ಅವರ ತಂಡ 2016ರಲ್ಲಿ ಪ್ರಕಟಿಸಿದ 108 ಜನರ ಪರೀಕ್ಷೆಯಲ್ಲಿ ಒಟ್ಟಾರೆ ಮಾನಸಿಕ ಸಂಕಟದ ಅಳತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ದನಿಯಿಂದಾಗುವ ಹಿಂಸೆ ಮತ್ತು ಖಿನ್ನತೆ ಕಡಿಮೆಯಾದವು, ದನಿಯ ಮೇಲೆ ತಮಗೆ ಹಿಡಿತವಿದೆ ಎಂಬ ಭಾವನೆ ಹೆಚ್ಚಿತು. ಅಳೆದು ಹೇಳಿದ ಇಂಥ ಫಲವನ್ನೇ ನಂಬಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 'ಧ್ಯಾನ ಒಳ್ಳೇದಲ್ಲವೇ' ಎಂದು ಈ ಕಾಯಿಲೆಯವರನ್ನು ಹತ್ತು ದಿನದ ಮೌನ ಶಿಬಿರಕ್ಕೆ ಕಳಿಸಬೇಡಿ. ತೀವ್ರ ಧ್ಯಾನದ ನಡುವೆ ಹಳೆಯ ರೋಗಿಗಳ ಕಾಯಿಲೆ ಮರುಕಳಿಸಿದ ಪ್ರಸಂಗಗಳನ್ನು ವಾಲ್ಷ್ ಮತ್ತು ರೋಶ್ ಎಂಬ ಸಂಶೋಧಕರು 1979ರಲ್ಲೇ ವರದಿ ಮಾಡಿದ್ದಾರೆ. ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂತರೆ ದನಿಗೆ ಬಾಗಿಲು ತೆರೆದಂತಾದೀತು. ಹತ್ತು ನಿಮಿಷದ ಮಿತಿ ಅದಕ್ಕಾಗಿಯೇ ಇದೆ. ಗುಳಿಗೆಯನ್ನಂತೂ ವೈದ್ಯರನ್ನು ಕೇಳದೆ ಬಿಡಲೇಬಾರದು. ಸರಳ ಆಸನ, ಉಸಿರಾಟದ ಯೋಗವೂ ಔಷಧದ ಜೊತೆಗೆ ನೆರವಾಗುತ್ತದೆ. 2007ರಲ್ಲಿ ನಿಮ್ಹಾನ್ಸ್ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಔಷಧದೊಂದಿಗೆ ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರು ಹೆಚ್ಚು ಸುಧಾರಿಸಿದ್ದರು.

ಇದು ಪರದೇಶದ ಸರಕು ಎನ್ನುವವರಿಗೆ ಒಂದು ಮಾತು. ಇಂಗ್ಲಿಷಿನವರು ಮೈಂಡ್‌ಫುಲ್‌ನೆಸ್ ಎನ್ನುವುದು ಪಾಳಿಯ 'ಸತಿ', ಸಂಸ್ಕೃತದ 'ಸ್ಮೃತಿ'. ನಮ್ಮ ಜಿಲ್ಲೆಯ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಅಶೋಕನ ಶಾಸನವೂ, ಹೆಸರು ಕೊರೆದ ಅವನ ಶಿಲ್ಪವೂ, ದೊಡ್ಡ ಬೌದ್ಧ ಸ್ತೂಪವೂ ಸಿಕ್ಕಿವೆ. ಎರಡು ಸಾವಿರ ವರ್ಷಗಳ ಹಿಂದೆ ಇದೇ ನೆಲದಲ್ಲಿ ಭಿಕ್ಷುಗಳು ಉಸಿರನ್ನು ಗಮನಿಸುತ್ತ ಕೂತಿರಬೇಕು. ಹೊಸದಾದದ್ದು ಕಾಯಿಲೆಯವರಿಗೆ ಹೊಂದುವಂತೆ ಅದನ್ನು ಚಿಕ್ಕದಾಗಿಸಿ, ಸುರಕ್ಷಿತವಾಗಿಸಿ, ಪರೀಕ್ಷಿಸಿ ನೋಡಿದ್ದು ಮಾತ್ರ.

ಕಮಲಾಪುರದಂಥ ಊರಿನಲ್ಲಿ ಇದು ಸಾಧ್ಯವೇ? ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಪ್ರತಿ ವಾರ ಕಲಬುರಗಿಗೆ ಬನ್ನಿ ಎಂದರೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ಚಿಕಿತ್ಸೆಯೇ ಊರಿಗೆ ಹೋಗಬೇಕು. ಕರ್ನಾಟಕಕ್ಕೆ ಇದು ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಿಸಿ ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮುಂದೆ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇದ್ದವರನ್ನು ಊರೂರಿನಲ್ಲಿ ಗುರುತಿಸಿ, ಅವರ ಹತ್ತಿರದಲ್ಲೇ ಔಷಧ ಸಿಗುವಂತೆ ಮಾಡಿತು. ಚಿಕಿತ್ಸೆ ಪಡೆದವರು ದಿನದ ಕೆಲಸಗಳಲ್ಲಿ ಸುಧಾರಿಸಿದರು, ಪಡೆಯದವರು ಹಾಗೆಯೇ ಉಳಿದರು.

ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಬಹುದು. ಊರಿನ ಆಸ್ಪತ್ರೆಯಲ್ಲಿ ಒಂದು ಕೋಣೆ, ನಾಲ್ಕು ಜಮಖಾನೆ, ತರಬೇತಿ ಪಡೆದ ಒಬ್ಬ ನರ್ಸ್ ಅಥವಾ ಸಮಾಜ ಕಾರ್ಯಕರ್ತೆ, ಮೇಲೆ ನಿಗಾ ಇಡಲು ಮನೋವೈದ್ಯರು. ಸಂತೆಯ ದಿನ ಇಟ್ಟುಕೊಂಡರೆ ಹಳ್ಳಿಯವರಿಗೂ ಬರಲು ಅನುಕೂಲ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಬೇಕು, ಇಲ್ಲವಾದರೆ ಮನೆಯವರು ಕಳಿಸುವುದಿಲ್ಲ. ಸೂಚನೆಗಳು ಪುಸ್ತಕದ ಕನ್ನಡದಲ್ಲಿರದೆ ಈ ಭಾಗದ ಮಾತಿನಲ್ಲಿ, ಬೇಕಾದವರಿಗೆ ಉರ್ದುವಿನಲ್ಲಿ ಇರಬೇಕು. ಕೊನೆಗೆ ಒಂದು ಕಪ್ ಚಹಾ. ವರ್ಷಗಟ್ಟಲೆ ಯಾರೊಡನೆಯೂ ಚಹಾ ಕುಡಿಯದವರಿಗೆ ಅದೂ ಚಿಕಿತ್ಸೆಯೇ.

ಮನೆಯವರು ಇಂದೇ ಮಾಡಬಹುದಾದದ್ದೂ ಇದೆ. ದನಿ ಇದೆಯೋ ಇಲ್ಲವೋ ಎಂದು ವಾದಿಸಬೇಡಿ. ಅಣಕಿಸಬೇಡಿ. ದನಿಯು ತನ್ನನ್ನೋ ಇನ್ನೊಬ್ಬರನ್ನೋ ಕೊಲ್ಲೆಂದು ಆಜ್ಞೆ ಮಾಡುತ್ತಿದೆ ಎಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ ಎಂಬುದನ್ನು ಮರೆಯದೆ, ಪ್ರಮಾಣಪತ್ರದ ಬಗ್ಗೆ ವೈದ್ಯರಲ್ಲಿ ವಿಚಾರಿಸಿ.

ಮತ್ತೆ ಕಮಲಾಪುರದ ಆ ಮನೆಗೆ ಬರೋಣ. ಮಗ ಅದೇ ಪ್ರಶ್ನೆ ಕೇಳುತ್ತಾನೆ. ತಾಯಿ ತಾಟನ್ನು ಮುಂದೆ ಸರಿಸಿ ಪಕ್ಕದಲ್ಲೇ ಕೂತು ಹೀಗೆ ಹೇಳಲಿ:

"ನನಗ ಕೇಳಸವಲ್ದೋ ಯಪ್ಪಾ. ಆದ್ರ ನಿನಗ ಕೇಳಸ್ತದ ಅಂತ ನನಗ ಗೊತ್ತದ. ಬಾ, ಇಬ್ರೂ ಕೂಡಿ ಉಣ್ಣಮು."