ಕೊಳಚೆ ನೀರಿನ ಆಯವ್ಯಯ

ಜೀವನದಿಯಿಲ್ಲದ ಕೋಲಾರ ಸೀಮೆಯ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯು 2018ರಲ್ಲಿ ಆರಂಭವಾಯಿತು. ದಿನವೊಂದಕ್ಕೆ 44 ಕೋಟಿ ಲೀಟರು ನೀರನ್ನು ಕೊಡುವುದೆಂಬ ಸಂಕಲ್ಪ. ವೆಚ್ಚವು ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಇದು ಲಾಭವೋ ನಷ್ಟವೋ ಎಂಬ ವಾದದಲ್ಲಿ ಉಭಯಪಕ್ಷದವರೂ ಅರ್ಧಲೆಕ್ಕವನ್ನೇ ಒಪ್ಪಿಸುತ್ತಾರೆ.

ಕೆಸರನ್ನು ತುಳಿದು ತೊಳೆಯುವುದಕ್ಕಿಂತ ತುಳಿಯದಿರುವುದೇ ಲೇಸೆಂದು ಪಂಕಪ್ರಕ್ಷಾಲನ ನ್ಯಾಯವನ್ನು ಮುಂದೊಡ್ಡುವವರು ಮೊದಲನೆಯ ಪಕ್ಷದವರು. ಆದರೆ ಕೆಸರು ಆಗಲೇ ಕಾಲಿಗೆ ಹತ್ತಿದೆಯಲ್ಲ! ನಗರದ ಕೊಳೆ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಕೆಡಿಸಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತ ಬಂದುದನ್ನು ಇವರು ಯಾವ ಖಾತೆಯಲ್ಲಿ ಬರೆಯುವರು? ಸುಮಾರು 100 ಕಿಲೋಮೀಟರು ದೂರದಿಂದ, ನೂರಾರು ಮೀಟರು ಎತ್ತರಕ್ಕೆ, ಅಪಾರ ವಿದ್ಯುಚ್ಛಕ್ತಿಯನ್ನು ವ್ಯಯಿಸಿ ಏರಿಸಿ ತಂದ ಕಾವೇರಿಯನ್ನು ಒಂದೇ ಸಲ ಬಳಸಿ ಚೆಲ್ಲುವುದು ಮಿತವ್ಯಯವೆ? ಕೊಳವೆಬಾವಿಯನ್ನು ಸಾವಿರ ಅಡಿ ಕೊರೆಯಿಸಿ ಸಾಲಗಾರನಾದ ರೈತನಿಗೆ, ಕೆರೆ ತುಂಬಿ ಅಂತರ್ಜಲವು ಮೇಲೇರಿದರೆ ಉಳಿಯುವ ಹಣವೂ ಲಾಭವೇ ಸರಿ.

ಎರಡನೆಯ ಪಕ್ಷದವರ ಲೆಕ್ಕವಾದರೂ ನಿರ್ದುಷ್ಟವಲ್ಲ. ಯೋಜನೆಯು ಎರಡನೆಯ ಹಂತದ ಶುದ್ಧೀಕರಣದೊಡನೆಯೇ ಆರಂಭವಾಯಿತು. ಈ ಹಂತವು ಕಸವನ್ನೂ ಕೊಳೆಯುವ ವಸ್ತುವಿನ ಬಹುಭಾಗವನ್ನೂ ತೆಗೆಯುತ್ತದೆ. ರೋಗಾಣು, ಸಾರಜನಕ, ರಂಜಕ ಮತ್ತು ಕರಗಿದ ಲವಣಗಳನ್ನು ಪೂರ್ಣವಾಗಿ ತೆಗೆಯಲಾರದು. ಆರಂಭವಾದ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಾಣಿಸಿತು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಮೂರನೆಯ ಹಂತವು ದುಬಾರಿಯೆಂದು ಮುಂದೂಡುವವರಿಗೆ ಒಂದೇ ಪ್ರಶ್ನೆ: ಅಲ್ಲಿ ಉಳಿಯುವ ಹಣವು ಯಾರದು? ಕೆಡಬಹುದಾದ ಬಾವಿ ಯಾರದು? ನಗರದ ಖಾತೆಯಲ್ಲಿ ಉಳಿತಾಯವೆಂದು ಬರೆದುದು ಹಳ್ಳಿಯ ಖಾತೆಯಲ್ಲಿ ಋಣವಾಗಿ ನಿಲ್ಲುವುದಾದರೆ, ಅದು ಮಿತವ್ಯಯವಲ್ಲ, ಪರಸ್ವಾಪಹರಣ.

ಸಿಂಗಪುರವು 2003ರಿಂದ ಬಳಸಿದ ನೀರನ್ನು ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ನೇರಳಾತೀತ ಕಿರಣಗಳಿಂದ ಶೋಧಿಸಿ, ಬಹುಭಾಗವನ್ನು ಕಾರ್ಖಾನೆಗಳಿಗೆ ಬೆಲೆಗೆ ಮಾರುತ್ತಿದೆ. ಶುದ್ಧಿಯ ವ್ಯಯವನ್ನು ಬಳಸುವವನಿಂದಲೇ ಪಡೆಯುವ ಈ ಕ್ರಮವು ನಮ್ಮವರಿಗೂ ಗ್ರಾಹ್ಯ. ನೀರನ್ನು ಕೊಳೆಮಾಡಿದ ನಗರವೇ ಮೂರನೆಯ ಹಂತದ ಹೊರೆಯನ್ನು ಹೊರತಕ್ಕದ್ದು. ಬಾವಿಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ ಫಲವನ್ನು ಗ್ರಾಮ ಪಂಚಾಯಿತಿಯ ಬಾಗಿಲಲ್ಲಿ ಕನ್ನಡದಲ್ಲಿ ಪ್ರಕಟಿಸತಕ್ಕದ್ದು.

ಕೋಲಾರಕ್ಕೆ ನೀರು ಬೇಕು, ನಿಜ. ಬಾಯಾರಿದವನು ಪಾತ್ರೆಯನ್ನು ಪರೀಕ್ಷಿಸಲಾರನೆಂಬ ಧೈರ್ಯದಿಂದ ಏನನ್ನಾದರೂ ಎರೆಯುವುದು ದಾನವೂ ಅಲ್ಲ, ಅರ್ಥಶಾಸ್ತ್ರವೂ ಅಲ್ಲ.