ಚೆಂಡು ತಿರುಗಿದರಷ್ಟೇ ಸಾಲದು

2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಟೆಸ್ಟ್ ಗೆಲ್ಲಲು ಭಾರತಕ್ಕೆ ಕೊನೆಯಲ್ಲಿ ಬೇಕಿದ್ದುದು 124 ರನ್ ಮಾತ್ರ. ತಂಡದ ಹೋರಾಟ 93 ರನ್ನಿಗೆ ಮುಗಿಯಿತು. ಮೂರನೆಯ ದಿನವೇ ಪ್ರೇಕ್ಷಕರು ಮನೆಗೆ ಹೊರಟರು. ಪ್ರವಾಸಿ ತಂಡದ ಆಫ್ ಸ್ಪಿನ್ನರ್ ಸೈಮನ್ ಹಾರ್ಮರ್ ಪಂದ್ಯದಲ್ಲಿ 8 ವಿಕೆಟ್ ಪಡೆದಿದ್ದರು. ಪಿಚ್ ಕುರಿತು ಟೀಕೆಗಳೆದ್ದಾಗ, ತಾವು ಕೇಳಿದ್ದು ಇಂಥ ಪಿಚ್ಚನ್ನೇ ಎಂದು ಭಾರತದ ಕೋಚ್ ಗೌತಮ್ ಗಂಭೀರ್ ಹೇಳಿದರು. ಅದರ ಬೆನ್ನಿಗೇ ಗುವಾಹಟಿಯಲ್ಲಿ ನಡೆದ ಎರಡನೆಯ ಟೆಸ್ಟ್‌ನ ಪಿಚ್ ಬ್ಯಾಟಿಂಗ್‌ಗೆ ಅನುಕೂಲಕರವಾಗಿತ್ತು; ದಕ್ಷಿಣ ಆಫ್ರಿಕಾ ಮೊದಲ ಇನಿಂಗ್ಸ್‌ನಲ್ಲಿ 489 ರನ್ ಪೇರಿಸಿತು. ಅಲ್ಲಿಯೂ ಹಾರ್ಮರ್ 9 ವಿಕೆಟ್ ಕಿತ್ತರು. ಭಾರತ 408 ರನ್‌ಗಳಿಂದ ಸೋತಿತು. ರನ್ ಲೆಕ್ಕದಲ್ಲಿ ಇದು ತನ್ನ ಟೆಸ್ಟ್ ಇತಿಹಾಸದಲ್ಲಿಯೇ ಭಾರತ ಕಂಡ ಅತಿ ದೊಡ್ಡ ಸೋಲು.

ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಒಂದು ವರ್ಷದ ಹಿಂದೆ, 2024ರಲ್ಲಿ, ನ್ಯೂಜಿಲೆಂಡ್ ತಂಡ ಭಾರತವನ್ನು ಅದರ ನೆಲದಲ್ಲಿಯೇ 3–0ಯಿಂದ ಸೋಲಿಸಿತ್ತು. ಸತತ 18 ಸರಣಿಗಳನ್ನು ತವರಿನಲ್ಲಿ ಗೆದ್ದಿದ್ದ ತಂಡದ ಓಟ ಹಾಗೆ ನಿಂತಿತು. ಬೆಂಗಳೂರಿನ ಮೊದಲ ಟೆಸ್ಟ್‌ನಲ್ಲಿ 46 ರನ್ನಿಗೆ ಕುಸಿದದ್ದು ವೇಗದ ಬೌಲರ್‌ಗಳ ಎದುರು. ಆದರೆ ಪುಣೆಯಲ್ಲಿ 13 ವಿಕೆಟ್ ಪಡೆದ ಮಿಚೆಲ್ ಸ್ಯಾಂಟ್ನರ್, ಮುಂಬೈಯಲ್ಲಿ 11 ವಿಕೆಟ್ ಪಡೆದ ಎಜಾಜ್ ಪಟೇಲ್ ಇಬ್ಬರೂ ಎಡಗೈ ಸ್ಪಿನ್ನರ್‌ಗಳು. ಪುಣೆಗೆ ಬರುವ ತನಕ ಸ್ಯಾಂಟ್ನರ್ ಟೆಸ್ಟ್‌ನಲ್ಲಿ ಒಮ್ಮೆಯೂ ಐದು ವಿಕೆಟ್‌ಗಳ ಗೊಂಚಲು ಪಡೆದವರಲ್ಲ.

ಸ್ಪಿನ್ನಿನ ತವರು ಸ್ಪಿನ್ನಿಗೇ ಸೋಲುತ್ತಿರುವುದೇಕೆ? ನಮ್ಮ ಬ್ಯಾಟ್ಸ್‌ಮನ್‌ಗಳು ಕಾಲ್ಚಲನೆ ಮರೆತಿದ್ದಾರೆ ಎಂಬ ಉತ್ತರ ಸಿದ್ಧವಾಗಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಸ್ಪಿನ್ ಬೌಲಿಂಗ್ ಎಂದರೇನು ಎಂಬ ತಿಳಿವಳಿಕೆಯೇ ನಮ್ಮಲ್ಲಿ ಮಸುಕಾಗುತ್ತಿರುವುದು ಉಳಿದರ್ಧ. ಚೆಂಡು ಹೆಚ್ಚು ತಿರುಗಿದಷ್ಟೂ ನಮಗೆ ಲಾಭ ಎಂಬ ಸರಳ ಲೆಕ್ಕಾಚಾರದಲ್ಲಿ ಪಿಚ್‌ಗಳು ಸಿದ್ಧವಾಗುತ್ತಿವೆ. ಆ ಲೆಕ್ಕಾಚಾರವೇ ತಪ್ಪು.

ಇದಕ್ಕೆ ಸಾಕ್ಷಿಗಳನ್ನು ದೂರ ಹುಡುಕಬೇಕಿಲ್ಲ. 2004ರಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕ್ಲಾರ್ಕ್ ಕೇವಲ 9 ರನ್ ನೀಡಿ 6 ವಿಕೆಟ್ ಪಡೆದರು. 2021ರಲ್ಲಿ ಅಹಮದಾಬಾದಿನಲ್ಲಿ ಇಂಗ್ಲೆಂಡಿನ ಜೋ ರೂಟ್ 8 ರನ್ನಿಗೆ 5 ವಿಕೆಟ್ ಪಡೆದರು. ಆ ಪಂದ್ಯ ಎರಡೇ ದಿನಗಳಲ್ಲಿ ಮುಗಿಯಿತು. ಇಬ್ಬರೂ ಮೂಲತಃ ಬ್ಯಾಟ್ಸ್‌ಮನ್‌ಗಳು, ನಾಯಕನಿಗೆ ಬೇರೆ ದಾರಿ ಕಾಣದಿದ್ದಾಗ ನಾಲ್ಕು ಓವರ್ ಎಸೆಯುವವರು. 2017ರಲ್ಲಿ ಪುಣೆಯಲ್ಲಿ ಸ್ಟೀವ್ ಓಕೀಫ್ ಎರಡೂ ಇನಿಂಗ್ಸ್‌ಗಳಲ್ಲಿ 35 ರನ್ನಿಗೆ ಆರಾರು ವಿಕೆಟ್ ಪಡೆದು ಭಾರತವನ್ನು 105 ಮತ್ತು 107ಕ್ಕೆ ಉರುಳಿಸಿದರು. 2012ರಲ್ಲಿ ಮುಂಬೈಯ ತಿರುಗುವ ಪಿಚ್‌ನಲ್ಲಿ ಇಂಗ್ಲೆಂಡಿನ ಮಾಂಟಿ ಪನೇಸರ್ ಮತ್ತು ಗ್ರೇಮ್ ಸ್ವಾನ್ ಜೋಡಿ 19 ವಿಕೆಟ್ ಹಂಚಿಕೊಂಡಿತ್ತು. ನಾವು ತೋಡಿದ ಗುಂಡಿಗೆ ನಾವೇ ಬಿದ್ದ ಉದಾಹರಣೆಗಳಿವು.

ಕಾರಣ ಸರಳ. ಪಿಚ್ ಮೊದಲ ದಿನವೇ ಬಿರುಕು ಬಿಟ್ಟು ದೂಳೆದ್ದರೆ, ಒಂದು ಎಸೆತ ಅಡಿಯಷ್ಟು ತಿರುಗುತ್ತದೆ, ಅದೇ ಜಾಗಕ್ಕೆ ಬಿದ್ದ ಮುಂದಿನ ಎಸೆತ ನೇರ ನುಗ್ಗುತ್ತದೆ. ಯಾವುದು ತಿರುಗೀತು, ಯಾವುದು ತಿರುಗಲಾರದು ಎಂಬುದು ಎಸೆದವನಿಗೇ ತಿಳಿದಿರುವುದಿಲ್ಲ. ಬ್ಯಾಟ್ಸ್‌ಮನ್‌ನನ್ನು ವಂಚಿಸುವುದು ನೆಲ; ವಿಕೆಟ್ ಮಾತ್ರ ಬೌಲರ್‌ನ ಲೆಕ್ಕಕ್ಕೆ. ಇಂಥ ನೆಲದಲ್ಲಿ ಇಪ್ಪತ್ತು ವರ್ಷ ಸಾಧನೆ ಮಾಡಿದವನಿಗೂ ನಿಖರವಾಗಿ ಒಂದೇ ಜಾಗಕ್ಕೆ ಚೆಂಡು ಹಾಕಬಲ್ಲ ಸಾಧಾರಣ ಬೌಲರ್‌ಗೂ ನಡುವಿನ ಅಂತರ ಅಳಿಸಿಹೋಗುತ್ತದೆ. ಉತ್ತಮ ಸ್ಪಿನ್ನರ್‌ಗಳಿರುವ ತಂಡವೊಂದು ಈ ಅಂತರವನ್ನು ತಾನಾಗಿಯೇ ಅಳಿಸಿಹಾಕುವುದಕ್ಕಿಂತ ದೊಡ್ಡ ಅವಿವೇಕ ಇನ್ನೇನಿದೆ?

ಹಾಗಾದರೆ ನಿಜವಾದ ಸ್ಪಿನ್ನರ್‌ನ ಶಕ್ತಿ ಇರುವುದೆಲ್ಲಿ? ಬೌಲರ್‌ನ ಕೈಬಿಟ್ಟ ಚೆಂಡು ಬ್ಯಾಟ್ಸ್‌ಮನ್‌ನನ್ನು ತಲುಪಲು ಬೇಕಾಗುವುದು ಸುಮಾರು ಮುಕ್ಕಾಲು ಸೆಕೆಂಡು. ಚೆಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಅದರ ಹಾರಾಟದ ಮೊದಲ ಹಂತದಲ್ಲಿಯೇ ಅಂದಾಜು ಮಾಡಿ ಆತ ಕಾಲನ್ನು ಮುಂದಿಡಬೇಕೋ ಹಿಂದಿಡಬೇಕೋ ನಿರ್ಧರಿಸುತ್ತಾನೆ. ಬೆರಳು, ಮಣಿಕಟ್ಟುಗಳಿಂದ ಚೆಂಡಿಗೆ ಬುಗುರಿಯಂತೆ ರಭಸದ ಗಿರಕಿ ಕೊಟ್ಟು ಮುಂದಕ್ಕೆ ಉರುಳುವಂತೆ ಬಿಟ್ಟರೆ, ಸುತ್ತಲಿನ ಗಾಳಿಯ ಒತ್ತಡದಲ್ಲಿ ವ್ಯತ್ಯಾಸವುಂಟಾಗಿ ಅದು ನಿರೀಕ್ಷಿಸಿದ್ದಕ್ಕಿಂತ ಬೇಗ ಕೆಳಗಿಳಿಯುತ್ತದೆ. ಮುಂದಿಟ್ಟ ಕಾಲಿಗೆ ಎಟುಕಬೇಕಿದ್ದ ಚೆಂಡು ಒಂದಡಿ ಹಿಂದೆಯೇ ಬೀಳುತ್ತದೆ. ಕಾಲನ್ನು ಹಿಂದೆಗೆಯಲು ಆಗ ಸಮಯವಿರುವುದಿಲ್ಲ. ಚೆಂಡು ಆನಂತರ ನಾಲ್ಕು ಅಂಗುಲ ತಿರುಗಿದರೂ ಸಾಕು, ಬ್ಯಾಟಿನ ಅಂಚು ಸಿಗುತ್ತದೆ. ಗಾಳಿಯಲ್ಲಿ ಒಂದು ದಿಕ್ಕಿಗೆ ತೇಲಿ, ನೆಲಕ್ಕೆ ಬಿದ್ದ ಮೇಲೆ ಅದರ ವಿರುದ್ಧ ದಿಕ್ಕಿಗೆ ತಿರುಗುವ ಎಸೆತವಂತೂ ಇನ್ನೂ ಅಪಾಯಕಾರಿ. 1993ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶೇನ್ ವಾರ್ನ್ ಎಸೆದ ಚೆಂಡು ಲೆಗ್ ಸ್ಟಂಪಿನಾಚೆ ಬಿದ್ದು ಮೈಕ್ ಗ್ಯಾಟಿಂಗರ ಆಫ್ ಸ್ಟಂಪ್ ಉರುಳಿಸಿದ್ದು ಹೀಗೆಯೇ. ತಿರುವಿನಷ್ಟೇ ದೊಡ್ಡ ಕೆಲಸವನ್ನು ಅಲ್ಲಿ ಗಾಳಿಯಲ್ಲಿನ ತೇಲಾಟ ಮಾಡಿತ್ತು.

ಇದರೊಂದಿಗೆ ಇನ್ನೊಂದು ಸಾಮರ್ಥ್ಯ ಸೇರಬೇಕು: ಒಬ್ಬ ಬ್ಯಾಟ್ಸ್‌ಮನ್‌ನನ್ನು ಹತ್ತು ಓವರ್‌ಗಳ ಉದ್ದಕ್ಕೂ ಓದಬಲ್ಲ ತಾಳ್ಮೆ. ಆತನಿಗೆ ಇಷ್ಟವಾದ ಹೊಡೆತ ಯಾವುದು, ಯಾವ ಫೀಲ್ಡರ್‌ನನ್ನು ಸರಿಸಿದರೆ ಆಸೆಬುರುಕನಾಗುತ್ತಾನೆ, ರನ್ ಬಾರದಿದ್ದರೆ ಎಷ್ಟು ಹೊತ್ತಿಗೆ ಚಡಪಡಿಸುತ್ತಾನೆ ಎಂಬ ಅಧ್ಯಯನ ಅದು. ವಿಕೆಟ್ ತಂದುಕೊಡುವ ಚೆಂಡನ್ನಷ್ಟೇ ನಾವು ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಅದಕ್ಕೂ ಮುಂಚಿನ ಮೂರು ಓವರ್‌ಗಳ ಹೊಂಚನ್ನು ಯಾರೂ ತೋರಿಸುವುದಿಲ್ಲ.

ಈ ವಿದ್ಯೆಗೆ ಒಂದೇ ಮಾದರಿಯಿಲ್ಲ ಎಂಬುದಕ್ಕೆ ಕರ್ನಾಟಕವೇ ಕೊಟ್ಟ ಮೂವರು ಸಾಕ್ಷಿ. ಎರಪಳ್ಳಿ ಪ್ರಸನ್ನ ಗಾಳಿಯ ಕುಶಲಿ. ಎಂಜಿನಿಯರಿಂಗ್ ಓದಿಗಾಗಿ ಕೆಲವು ವರ್ಷ ಟೆಸ್ಟ್‌ನಿಂದ ದೂರವುಳಿದು ಮರಳಿದ ಅವರು 1967–68ರ ಪ್ರವಾಸದಲ್ಲಿ ಆಸ್ಟ್ರೇಲಿಯಾದ ಗಟ್ಟಿ ಪಿಚ್‌ಗಳಲ್ಲಿ ನಾಲ್ಕು ಟೆಸ್ಟ್‌ಗಳಿಂದ 25, ನ್ಯೂಜಿಲೆಂಡಿನಲ್ಲಿ ನಾಲ್ಕು ಟೆಸ್ಟ್‌ಗಳಿಂದ 24 ವಿಕೆಟ್ ಪಡೆದರು. ವಿದೇಶದಲ್ಲಿ ಭಾರತ ಮೊದಲ ಬಾರಿಗೆ ಸರಣಿ ಗೆದ್ದದ್ದು ಆಗಲೇ. ಬಿ.ಎಸ್. ಚಂದ್ರಶೇಖರ್ ಅವರದು ಪೂರ್ತಿ ಬೇರೆ ದಾರಿ. ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯಿಂದ ಅವರು ಮಧ್ಯಮ ವೇಗಿಯಷ್ಟು ರಭಸವಾಗಿ ಗೂಗ್ಲಿ ಎಸೆಯುತ್ತಿದ್ದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು ತಂದರು. 1977–78ರ ಪ್ರವಾಸದಲ್ಲಿ ಮೆಲ್ಬರ್ನ್‌ನ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ ಆರಾರು ವಿಕೆಟ್ ಪಡೆದರು. ಆಸ್ಟ್ರೇಲಿಯಾದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದಕ್ಕಿತು.

ಅನಿಲ್ ಕುಂಬ್ಳೆ ಅವರ ಉದಾಹರಣೆ ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು. ಚೆಂಡು ತಿರುಗಿಸಲು ಬಾರದ ಲೆಗ್ ಸ್ಪಿನ್ನರ್ ಎಂಬ ಮೂದಲಿಕೆಯನ್ನು ಅವರು ವೃತ್ತಿಜೀವನದುದ್ದಕ್ಕೂ ಕೇಳಿದರು. ಎತ್ತರದಿಂದ ಬರುವ ಪುಟಿತ, ನಿಖರತೆ, ಕಣ್ಣಿಗೆ ಬೀಳದ ವೇಗದ ಬದಲಾವಣೆ ಇವೇ ಬಂಡವಾಳವಾಗಿದ್ದ ಅವರು 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಗಳಿಸಿದರು. ತವರಿನ ಹುಲಿ ಎಂದು ಹಂಗಿಸಿದವರಿಗೆ 2003–04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಉತ್ತರ ಸಿಕ್ಕಿತು: ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್. ರನ್ ಹೊಳೆ ಹರಿದ ಸಿಡ್ನಿಯಲ್ಲಿ ಅವರು ಒಂದೇ ಇನಿಂಗ್ಸ್‌ನಲ್ಲಿ 8 ವಿಕೆಟ್ ಪಡೆದಿದ್ದರು. ಪ್ರಸನ್ನ, ಚಂದ್ರ, ಕುಂಬ್ಳೆ ಮೂವರಲ್ಲಿ ಸಮಾನವಾಗಿದ್ದುದು ಚೆಂಡಿನ ತಿರುವಲ್ಲ. ಪಿಚ್ ನೆರವಾಗದಿದ್ದಾಗಲೂ ಬ್ಯಾಟ್ಸ್‌ಮನ್‌ನ ಅಂದಾಜನ್ನು ತಪ್ಪಿಸುವ ಶಕ್ತಿ.

ತವರಿನ ಲಾಭವನ್ನು ಎಲ್ಲ ದೇಶಗಳೂ ಪಡೆಯುತ್ತವೆ. ಇಂಗ್ಲೆಂಡ್ ಹಸಿರು ಪಿಚ್ ಹಾಸುವಾಗ ನಮಗೇಕೆ ಈ ಮಡಿವಂತಿಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮೂರನೆಯ ದಿನದಿಂದ ಸ್ಪಿನ್ನಿಗೆ ಒಲಿಯುವ ಪಿಚ್ ನಮ್ಮ ಮಣ್ಣು ಹವೆಗಳ ಸಹಜ ಗುಣ, ಅದಕ್ಕೆ ಯಾರೂ ಕ್ಷಮೆ ಕೇಳಬೇಕಿಲ್ಲ. ಆದರೆ ಆ 18 ಸರಣಿಗಳ ಗೆಲುವಿನ ಕಾಲದಲ್ಲಿಯೇ ಏನಾಗಿತ್ತು ನೋಡಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೊದಲ ಇನಿಂಗ್ಸ್‌ನಲ್ಲಿ 477 ರನ್ ಗಳಿಸಿತು. ನಮ್ಮ ಕರುಣ್ ನಾಯರ್ ಅಜೇಯ 303 ರನ್ ಗಳಿಸಿದ ಆ ಪಂದ್ಯದಲ್ಲಿ ಭಾರತ 759 ರನ್ ಪೇರಿಸಿತು. ಆಮೇಲೆ ಕೊನೆಯ ದಿನ ರವೀಂದ್ರ ಜಡೇಜ 48 ರನ್ನಿಗೆ 7 ವಿಕೆಟ್ ಪಡೆದು ಇನಿಂಗ್ಸ್ ಗೆಲುವು ತಂದರು. ಅದೇ ಸರಣಿಯ ಮುಂಬೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ 400 ರನ್ ಗಳಿಸಿದ ಮೇಲೂ ಆರ್. ಅಶ್ವಿನ್ 12 ವಿಕೆಟ್ ಪಡೆದು ಗೆಲ್ಲಿಸಿದ್ದರು. ಕೋಲ್ಕತ್ತದ ಸೋಲಿಗೆ ಒಂದು ತಿಂಗಳ ಮೊದಲು, 2025ರ ಅಕ್ಟೋಬರ್‌ನಲ್ಲಿ, ದೆಹಲಿಯ ನಿಧಾನಗತಿಯ ಪಿಚ್‌ನಲ್ಲಿ ವೆಸ್ಟ್ ಇಂಡೀಸ್ ಐದನೆಯ ದಿನದವರೆಗೆ ಹೋರಾಡಿತು. ಕುಲದೀಪ್ ಯಾದವ್ 8 ವಿಕೆಟ್ ಪಡೆದರು, ಭಾರತ ಗೆದ್ದಿತು. ಪಂದ್ಯ ಉದ್ದವಾದಷ್ಟೂ ಉತ್ತಮ ಸ್ಪಿನ್ನರ್‌ಗೆ ಲಾಭ ಎಂಬುದು ಹೀಗೆ ನಮ್ಮ ಅಂಗಳದಲ್ಲಿಯೇ ರುಜುವಾತಾದ ಸಂಗತಿ. 2019ರಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಆರಂಭವಾದ ಮೇಲೆ ಪ್ರತಿ ತವರು ಪಂದ್ಯದ ಅಂಕವೂ ಅಮೂಲ್ಯವಾಗಿದೆ. ಡ್ರಾ ಆಗಿಬಿಟ್ಟೀತು ಎಂಬ ಭಯ ಅವಸರವನ್ನು ಹುಟ್ಟಿಸಿದೆ. ಆ ಅವಸರವೇ ಅಂಕಗಳನ್ನು ಕಳೆಯುತ್ತಿದೆ.

ಇದರ ದೀರ್ಘಕಾಲದ ಪರಿಣಾಮ ಇನ್ನೂ ಗಂಭೀರ. ದೂಳೇಳುವ ಪಿಚ್‌ನಲ್ಲಿ ಚೆಂಡನ್ನು ಗಾಳಿಗೆ ಬಿಟ್ಟು ಆಡಿಸುವ ಅಗತ್ಯವಿಲ್ಲ. ವೇಗವಾಗಿ, ಚಪ್ಪಟೆಯಾಗಿ, ಸ್ಟಂಪಿನ ನೇರಕ್ಕೆ ಎಸೆದರೆ ಸಾಕು. ತೀರ್ಪು ಮರುಪರಿಶೀಲನಾ ಪದ್ಧತಿ ಬಂದ ನಂತರ ಪ್ಯಾಡ್ ಮುಂದೊಡ್ಡಿ ಬಚಾವಾಗುವ ಕಾಲ ಹೋಗಿ, ತಿರುಗದೆ ನೇರ ಬರುವ ಚೆಂಡಿಗೂ ಎಲ್‌ಬಿಡಬ್ಲ್ಯು ಸಿಗುತ್ತಿದೆ. ಇದು ಸ್ಪಿನ್ನರ್‌ಗಳಿಗೆ ಸಿಕ್ಕ ನ್ಯಾಯವೇ ಆದರೂ ಚಪ್ಪಟೆ ಎಸೆತಕ್ಕೆ ಇನ್ನಷ್ಟು ಬೆಲೆ ತಂದಿದೆ. ಐಪಿಎಲ್‌ನಲ್ಲಿ ಒಬ್ಬ ಬೌಲರ್‌ಗೆ ದಕ್ಕುವುದು 24 ಎಸೆತ. ಅಲ್ಲಿ ರನ್ ತಡೆಯುವುದೇ ಗುರಿ, ಹೊಂಚು ಹಾಕಲು ಪುರುಸೊತ್ತಿಲ್ಲ. ಹೀಗಿರುವಾಗ ಚೆಂಡನ್ನು ತೇಲಿಸುವ ಧೈರ್ಯವನ್ನು ಹುಡುಗನೊಬ್ಬ ಕಲಿಯಬೇಕಾದದ್ದು ಎಲ್ಲಿ? ಹಾರ್ಮರ್ ಅದನ್ನು ಕಲಿತದ್ದು ಇಂಗ್ಲೆಂಡಿನ ಎಸೆಕ್ಸ್ ಕೌಂಟಿ ತಂಡದ ಪರ ವರ್ಷಾನುಗಟ್ಟಲೆ ಓವರ್ ಮೇಲೆ ಓವರ್ ಎಸೆದು. ಸ್ಪಿನ್ನರ್‌ಗಳಿಗೆ ಒಲಿಯದ ನೆಲವೆಂದು ನಾವು ಭಾವಿಸುವ ಆಸ್ಟ್ರೇಲಿಯಾದಲ್ಲಿ ಬೆಳೆದ ನೇಥನ್ ಲಯನ್ 500ಕ್ಕೂ ಹೆಚ್ಚು ಟೆಸ್ಟ್ ವಿಕೆಟ್ ಗಳಿಸಿದ್ದಾರೆ.

ಆಯ್ಕೆಯಲ್ಲಿಯೂ ಇದೇ ಮನೋಭಾವ ಕಾಣುತ್ತದೆ. ಬ್ಯಾಟಿಂಗ್ ಬಲ್ಲ ಸ್ಪಿನ್ನರ್‌ಗೆ ಮೊದಲ ಮಣೆ. 2025ರ ಇಂಗ್ಲೆಂಡ್ ಪ್ರವಾಸದ ಐದೂ ಟೆಸ್ಟ್‌ಗಳಲ್ಲಿ ಕುಲದೀಪ್ ಬೆಂಚ್ ಕಾಯ್ದರು. 537 ವಿಕೆಟ್‌ಗಳ ಒಡೆಯ ಅಶ್ವಿನ್ 2024ರ ಡಿಸೆಂಬರ್‌ನಲ್ಲಿ ನಿವೃತ್ತರಾದ ಮೇಲೆ ಆ ಸ್ಥಾನಕ್ಕೆ ಯಾರನ್ನು ಬೆಳೆಸಬೇಕು ಎಂಬ ಪ್ರಶ್ನೆಗೆ ಇಂಥ ಆಯ್ಕೆಗಳು ಉತ್ತರವಾಗಲಾರವು. 1992ರಲ್ಲಿ ಸಿಡ್ನಿಯಲ್ಲಿ ಭಾರತದ ಎದುರು ಮೊದಲ ಟೆಸ್ಟ್ ಆಡಿದ ಶೇನ್ ವಾರ್ನ್ ಗಳಿಸಿದ್ದು 150 ರನ್ನಿಗೆ ಒಂದು ವಿಕೆಟ್. ಆಸ್ಟ್ರೇಲಿಯಾ ಅವರನ್ನು ಕೈಬಿಟ್ಟಿದ್ದರೆ 708 ವಿಕೆಟ್‌ಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಗಬೇಕಾದದ್ದು ಅಸಾಧ್ಯವೇನಲ್ಲ. ತವರಿನ ಟೆಸ್ಟ್ ಪಿಚ್‌ಗಳು ಮೊದಲೆರಡು ದಿನ ಬ್ಯಾಟಿಂಗ್‌ಗೂ ಆನಂತರ ಸ್ಪಿನ್ನಿಗೂ ಒದಗುವಂತಿರಲಿ. ಕ್ಯೂರೇಟರ್‌ಗಳ ಮೇಲೆ ತಂಡದ ಒತ್ತಡ ಬೀಳದಿರಲಿ. ರಣಜಿ ಪಂದ್ಯಗಳಲ್ಲಿ ಯುವ ಸ್ಪಿನ್ನರ್‌ಗೆ ದಿನಕ್ಕೆ ಮೂವತ್ತು ಓವರ್ ಎಸೆದು ಸುಸ್ತಾಗುವ, ಹೊಡೆಸಿಕೊಳ್ಳುವ ಅವಕಾಶವಿರಲಿ. ಟೆಸ್ಟ್ ಬ್ಯಾಟ್ಸ್‌ಮನ್‌ಗಳೂ ಬಿಡುವಿದ್ದಾಗ ಅಲ್ಲಿ ಆಡಿ ಅಂಥ ಸ್ಪಿನ್ನರ್‌ಗಳನ್ನು ಎದುರಿಸಲಿ. ವಾರ್ನ್ ಮತ್ತು ಮುತ್ತಯ್ಯ ಮುರಳೀಧರನ್ ಇಬ್ಬರೂ ಭಾರತದಲ್ಲಿ ಪ್ರತಿ ವಿಕೆಟ್‌ಗೆ ಸರಾಸರಿ 40ಕ್ಕಿಂತ ಹೆಚ್ಚು ರನ್ ತೆರಬೇಕಾಯಿತು. ದೇಶೀಯ ಕ್ರಿಕೆಟ್‌ನಲ್ಲಿ ಒಳ್ಳೆಯ ಸ್ಪಿನ್ ಆಡಿ ಬೆಳೆದ ಬ್ಯಾಟ್ಸ್‌ಮನ್‌ಗಳು ಆಗ ನಮ್ಮಲ್ಲಿದ್ದರು. ಒಂದು ಕೈ ಸೊರಗಿದರೆ ಇನ್ನೊಂದೂ ಸೊರಗುತ್ತದೆ ಎಂಬುದಕ್ಕೆ ಪುಣೆ, ಮುಂಬೈ, ಕೋಲ್ಕತ್ತಗಳ ಅಂಕಪಟ್ಟಿಗಳೇ ಸಾಕ್ಷಿ. ಪಿಚ್ಚನ್ನು ಒಂದು ವಾರದಲ್ಲಿ ಸಿದ್ಧಪಡಿಸಬಹುದು. ಸ್ಪಿನ್ನರ್‌ನನ್ನು ಸಿದ್ಧಪಡಿಸಲು ಹತ್ತು ವರ್ಷ ಬೇಕು. ಆ ಹತ್ತು ವರ್ಷಗಳಿಗೆ ಅನುವು ಮಾಡಿಕೊಡುವ ವ್ಯವಧಾನ ಕ್ರಿಕೆಟ್ ಮಂಡಳಿಗೆ ಇದೆಯೇ ಎಂಬುದೇ ಈಗಿನ ಪ್ರಶ್ನೆ.